ಚಿವಿತಾವೆಕ್ಕಿಯಾದಿಂದ ಹಡಗು: ಮುನ್ನಾ ದಿನದ ರಾತ್ರಿ ಎಲ್ಲಿ ತಂಗುವುದು ಒಳ್ಳೆಯದು?

ಪ್ರಶ್ನೆ

ಬರುವ ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಪತಿ ಹಾಗೂ ಅತ್ತೆ-ಮಾವ ಒಂದು ವಾರದ ಮೆಡಿಟರೇನಿಯನ್ ಹಡಗು ಪ್ರವಾಸಕ್ಕೆ ಹೊರಟಿದ್ದೇವೆ. ಟಿಕೆಟ್ಟಿನಲ್ಲಿ ಹೊರಡುವ ಸ್ಥಳ ರೋಮ್ ಎಂದೇ ಮುದ್ರಿಸಿದ್ದಾರೆ. ಆದರೆ ಹಡಗು ನಿಲ್ಲುವುದು ರೋಮ್‌ನಿಂದ ವಾಯವ್ಯಕ್ಕೆ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಚಿವಿತಾವೆಕ್ಕಿಯಾ ಬಂದರಿನಲ್ಲಿ ಎಂಬುದು ವಿವರಗಳನ್ನು ಓದುತ್ತಾ ಹೋದಾಗ ತಿಳಿಯಿತು. ಹಡಗು ಶುಕ್ರವಾರ ಸಂಜೆ ಐದಕ್ಕೆ ಹೊರಡುತ್ತದೆ, ನಾಲ್ಕರ ಒಳಗೆ ಎಲ್ಲರೂ ಒಳಗಿರಬೇಕು ಎಂದಿದ್ದಾರೆ. ಅದೇ ದಿನ ವಿಮಾನದಲ್ಲಿ ಬಂದಿಳಿಯುವ ಸಾಹಸ ಬೇಡವೆಂದು ಹಿಂದಿನ ದಿನ, ಗುರುವಾರ ಮಧ್ಯಾಹ್ನ ಒಂದೂವರೆಗೆ ಫಿಯುಮಿಚಿನೋ ವಿಮಾನ ನಿಲ್ದಾಣಕ್ಕೆ ಬರುವಂತೆ ಟಿಕೆಟ್ ಮಾಡಿಸಿದ್ದೇವೆ.

ಈಗಿರುವ ಗೊಂದಲ ಆ ಒಂದು ರಾತ್ರಿಯದು. ರೋಮ್ ನಗರದ ನಡುವೆ ತಂಗಿದರೆ ಸಂಜೆ ಸ್ವಲ್ಪ ಸುತ್ತಾಡಬಹುದು. ವಿಮಾನ ನಿಲ್ದಾಣದ ಬಳಿಯೇ ಉಳಿದರೆ ಅಲೆದಾಟ ಕಡಿಮೆ. ನೇರವಾಗಿ ಚಿವಿತಾವೆಕ್ಕಿಯಾಕ್ಕೆ ಹೋಗಿಬಿಟ್ಟರೆ ಬೆಳಿಗ್ಗೆ ಆತಂಕವಿಲ್ಲ, ಆದರೆ ರೋಮ್ ನೋಡಿದಂತಾಗುವುದಿಲ್ಲ. ಅತ್ತೆಯವರಿಗೆ ಮಂಡಿನೋವು ಇರುವುದರಿಂದ ಮೆಟ್ಟಿಲುಗಳು ಕಷ್ಟ. ಒಟ್ಟು ನಾಲ್ಕು ದೊಡ್ಡ ಸೂಟ್‌ಕೇಸ್‌ಗಳಿರುತ್ತವೆ. ಹಡಗು ಗ್ರೀಸಿನ ಎರಡು ದ್ವೀಪಗಳನ್ನೂ ಟರ್ಕಿಯ ಕುಶಾದಸಿಯನ್ನೂ ಮುಟ್ಟಿ ಮತ್ತೆ ಚಿವಿತಾವೆಕ್ಕಿಯಾಕ್ಕೇ ಬರುತ್ತದೆ. ಈ ಮಾರ್ಗವಾಗಿ ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಒಂದು ದಿನ ಮುಂಚಿತವಾಗಿ ಬರುತ್ತಿರುವುದೇ ಅರ್ಧ ಗೆಲುವು. ವಿಮಾನವನ್ನು ನೀವೇ ಬೇರೆಯಾಗಿ ಕಾಯ್ದಿರಿಸಿಕೊಂಡಿದ್ದರೆ, ಅದು ತಡವಾಯಿತೆಂದು ಹಡಗಿನವರು ಕಾಯುವುದಿಲ್ಲ. ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಹತ್ತಿಕೊಳ್ಳಬೇಕಾಗುತ್ತದೆ.

ನನ್ನ ಮತ ರೋಮ್‌ಗೆ, ಆದರೆ ರೋಮ್‌ನಲ್ಲಿ ಎಲ್ಲೆಂದರಲ್ಲಿ ಅಲ್ಲ. ಹೆಚ್ಚಿನವರು ಮುಖ್ಯ ನಿಲ್ದಾಣವಾದ ಟರ್ಮಿನಿಯ ಸುತ್ತಮುತ್ತ ಹೋಟೆಲ್ ಹಿಡಿಯುತ್ತಾರೆ. ಚಿವಿತಾವೆಕ್ಕಿಯಾಕ್ಕೆ ಹೋಗುವ ಎಫ್‌ಎಲ್5 ಪ್ರಾದೇಶಿಕ ರೈಲು ಅಲ್ಲಿಂದ ಹೊರಡುವುದು ನಿಜ, ಆದರೆ ಆ ರೈಲುಗಳಿಗೆ ಸಾಮಾನ್ಯವಾಗಿ ಕೊಡುವುದು 25ನೆಯ ಸಂಖ್ಯೆಯಿಂದ ಆಚೆಗಿನ ಪ್ಲಾಟ್‌ಫಾರ್ಮ್‌ಗಳನ್ನು. ಅವು ನಿಲ್ದಾಣದ ಮುಖ್ಯ ಹಜಾರದ ಸಾಲಿನಲ್ಲಿಲ್ಲ. 24ನೆಯ ಪ್ಲಾಟ್‌ಫಾರ್ಮ್‌ನ ಪಕ್ಕದಲ್ಲೇ ಅದರ ಉದ್ದಕ್ಕೂ ನಡೆದು ಕೊನೆಯ ತನಕ ಹೋಗಬೇಕು. ಕೈಯಲ್ಲಿ ಏನೂ ಇಲ್ಲದವರಿಗೇ ಹತ್ತು ನಿಮಿಷ ಹಿಡಿಯುವ ನಡಿಗೆ ಅದು. ನಾಲ್ಕು ಸೂಟ್‌ಕೇಸ್ ಎಳೆದುಕೊಂಡು, ಮಂಡಿನೋವಿನವರನ್ನು ಜೊತೆಗೆ ನಡೆಸಿಕೊಂಡು ಹೊರಟರೆ ಎಷ್ಟಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಅದರ ಬದಲು ವ್ಯಾಟಿಕನ್‌ನ ಮಗ್ಗುಲಲ್ಲಿರುವ ರೋಮಾ ಸಾನ್ ಪಿಯೆತ್ರೋ ನಿಲ್ದಾಣದ ಬಳಿ ತಂಗಿ. ಇದೇ ಎಫ್‌ಎಲ್5 ರೈಲು ಟರ್ಮಿನಿಯಿಂದ ಹೊರಟು ಒಸ್ತಿಯೆನ್ಸೆ, ತ್ರಾಸ್ತೆವೆರೆ ದಾಟಿ ಇಲ್ಲಿ ನಿಲ್ಲುತ್ತದೆ. ಇಲ್ಲಿಂದ ಬಂದರಿನ ಊರಿಗೆ ಒಂದು ಗಂಟೆಯೊಳಗಿನ ಪ್ರಯಾಣ. ಸಂತ ಪೀಟರರ ಚೌಕಕ್ಕೆ ನಡೆದೇ ಹೋಗಬಹುದಾದಷ್ಟು ಹತ್ತಿರವಿರುವುದರಿಂದ, ಗುರುವಾರ ಸಂಜೆ ಬಿಸಿಲು ಇಳಿದ ಮೇಲೆ ನಿಮ್ಮ ಅತ್ತೆ-ಮಾವ ಅಲ್ಲಿಯ ಕಂಬಸಾಲಿನ ನೆರಳಿನಲ್ಲಿ ಕುಳಿತು ಬಂದರೂ ರೋಮ್ ನೋಡಿದ ತೃಪ್ತಿ ಸಿಗುತ್ತದೆ. ಕೊಲೋಸಿಯಮ್, ವ್ಯಾಟಿಕನ್ ಮ್ಯೂಸಿಯಮ್ ಇತ್ಯಾದಿಗಳಿಗೆ ಆ ದಿನದ ಟಿಕೆಟ್ ಮುಂಗಡವಾಗಿ ತೆಗೆದಿಡಬೇಡಿ. ವಿಮಾನ ಒಂದೂವರೆಗೆ ಇಳಿದರೂ ಹೋಟೆಲ್ ಕೋಣೆಯ ಬಾಗಿಲು ತೆರೆಯುವ ಹೊತ್ತಿಗೆ ಐದು ಗಂಟೆಯಾದರೆ ಆಶ್ಚರ್ಯವಿಲ್ಲ. ಐರೋಪ್ಯ ಒಕ್ಕೂಟದ ಹೊಸ ಗಡಿ ವ್ಯವಸ್ಥೆ 2025ರ ಅಕ್ಟೋಬರ್ 12ರಂದು ಆರಂಭವಾದ ಮೇಲೆ, ಹೊರದೇಶದವರು ಮೊದಲ ಸಲ ಬಂದಾಗ ಬೆರಳಚ್ಚು ಮತ್ತು ಮುಖದ ಚಿತ್ರ ಕೊಡಬೇಕಾಗಿದೆ, ಸಾಲು ನಿಧಾನವಾಗಿಯೇ ಸಾಗುತ್ತದೆ.

ವಿಮಾನ ನಿಲ್ದಾಣದಿಂದ ನಗರಕ್ಕೆ ಮಾತ್ರ ಟ್ಯಾಕ್ಸಿಯನ್ನೇ ಹಿಡಿಯಿರಿ. ರೋಮ್ ನಗರಪಾಲಿಕೆಯ ಪರವಾನಗಿ ಇರುವ ಬಿಳಿ ಟ್ಯಾಕ್ಸಿಗಳಿಗೆ ಫಿಯುಮಿಚಿನೋದಿಂದ ಅವುರೇಲಿಯನ್ ಗೋಡೆಯ (ಹಳೆಯ ನಗರವನ್ನು ಸುತ್ತುವರಿದಿರುವ ಪ್ರಾಚೀನ ಕೋಟೆಗೋಡೆ) ಒಳಗಿನ ಯಾವುದೇ ವಿಳಾಸಕ್ಕೆ ನಿಗದಿತ ದರವಿದೆ. ಹತ್ತುವ ಮುಂಚೆ ವಿಳಾಸ ತೋರಿಸಿ ನಿಮ್ಮ ಹೋಟೆಲ್ ಆ ಮಿತಿಯೊಳಗೆ ಬರುತ್ತದೆಯೇ ಎಂದು ಕೇಳಿಕೊಳ್ಳಿ. ನಾಲ್ವರು ಮತ್ತು ನಾಲ್ಕು ದೊಡ್ಡ ಪೆಟ್ಟಿಗೆ ಎಂದರೆ ಸಾಮಾನ್ಯ ಕಾರು ಸಾಲದು, ದೊಡ್ಡ ಗಾಡಿಗೆ ಸ್ವಲ್ಪ ಕಾಯಬೇಕಾದೀತು.

ಉತ್ತರ 2

ಮೇಲಿನವರು ಹೇಳಿದ ಸಾನ್ ಪಿಯೆತ್ರೋ ಸಲಹೆ ಇಬ್ಬರು ಗಟ್ಟಿಮುಟ್ಟಾದ ಪ್ರಯಾಣಿಕರಿಗೆ ಬಹಳ ಒಳ್ಳೆಯದು. ನಿಮ್ಮ ಗುಂಪಿಗೆ ಅದನ್ನು ನಾನು ಸೂಚಿಸಲಾರೆ. ಎಫ್‌ಎಲ್5 ದಿನನಿತ್ಯ ಕೆಲಸಕ್ಕೆ ಓಡಾಡುವವರ ರೈಲು. ಟರ್ಮಿನಿಯಲ್ಲೇ ಹತ್ತಿದವರು ಕುಳಿತಿರುತ್ತಾರೆ. ನಡುವೆ ಹತ್ತುವವರಿಗೆ, ಅದರಲ್ಲೂ ಹಡಗು ಹೊರಡುವ ದಿನ ಎಲ್ಲರೂ ಪೆಟ್ಟಿಗೆಗಳೊಂದಿಗೆ ನುಗ್ಗುವಾಗ, ಬಾಗಿಲ ಬಳಿ ನಿಲ್ಲಲು ಜಾಗ ಸಿಕ್ಕರೆ ಅದೇ ಪುಣ್ಯ. ರೈಲು ನಿಲ್ಲುವುದು ಒಂದೆರಡು ನಿಮಿಷ ಮಾತ್ರ. ಅಷ್ಟರಲ್ಲಿ ಅತ್ತೆಯವರನ್ನು ಹತ್ತಿಸುವುದೋ, ಪೆಟ್ಟಿಗೆಗಳನ್ನು ಎತ್ತಿಡುವುದೋ?

ಇಂಥ ಪ್ರವಾಸದಲ್ಲಿ ರಾತ್ರಿ ಎಲ್ಲಿ ತಂಗಬೇಕೆಂಬುದನ್ನು ನಿರ್ಧರಿಸಬೇಕಾದದ್ದು ಸಂಜೆಯ ಸುತ್ತಾಟವಲ್ಲ, ಮರುದಿನ ಬೆಳಗಿನ ಹಾದಿ. ಆ ಹಾದಿಯಲ್ಲಿ ಗುಂಪಿನ ಅತ್ಯಂತ ನಿಧಾನದ ವ್ಯಕ್ತಿ ಹೇಗೆ ಸಾಗುತ್ತಾರೆ ಎಂದು ಮೊದಲು ನೋಡಿ, ಹೋಟೆಲನ್ನು ಆಮೇಲೆ ಆರಿಸಿ. ಹಾಗೆ ನೋಡಿದರೆ ನನಗೆ ಚಿವಿತಾವೆಕ್ಕಿಯಾವೇ ಸರಿ ಎನಿಸುತ್ತದೆ. ವಿಮಾನ ನಿಲ್ದಾಣದಿಂದ ಮುಂಗಡವಾಗಿ ಗೊತ್ತುಪಡಿಸಿದ ವ್ಯಾನಿನಲ್ಲಿ ನೇರವಾಗಿ ಅಲ್ಲಿಗೇ ಹೋಗಿಬಿಡಿ. ನೂರು ಯೂರೋ ದಾಟುತ್ತದೆ, ನಿಜ. ಆದರೆ ನಾಲ್ವರಿಗೆ ಹಂಚಿದರೆ ಮತ್ತು ಮರುದಿನ ಬೆಳಿಗ್ಗೆ ಆಗಬಹುದಾಗಿದ್ದ ಓಡಾಟವನ್ನು ಲೆಕ್ಕಕ್ಕೆ ಹಿಡಿದರೆ ದುಬಾರಿಯಲ್ಲ. ರೈಲಿನಲ್ಲೇ ಹೋಗುತ್ತೇವೆಂದರೆ ಫಿಯುಮಿಚಿನೋದಿಂದ ಅಲ್ಲಿಗೆ ನೇರ ರೈಲಿಲ್ಲ ಎಂಬುದು ಗಮನದಲ್ಲಿರಲಿ. ವಿಮಾನ ನಿಲ್ದಾಣದಿಂದ ಹೊರಡುವ ಎಫ್‌ಎಲ್1 ಪ್ರಾದೇಶಿಕ ರೈಲು ಹಿಡಿದು ತ್ರಾಸ್ತೆವೆರೆಯಲ್ಲಿ ಇಳಿದು, ಪ್ಲಾಟ್‌ಫಾರ್ಮ್ ಬದಲಿಸಿ, ಎಫ್‌ಎಲ್5 ಹತ್ತಬೇಕು. ಲಿಯೊನಾರ್ದೋ ಎಕ್ಸ್‌ಪ್ರೆಸ್ ಎಂಬ ದುಬಾರಿ ರೈಲು ನಿಮ್ಮನ್ನು 32 ನಿಮಿಷಗಳಲ್ಲಿ ಟರ್ಮಿನಿಗೆ ಒಯ್ಯುತ್ತದೆ, ನಡುವೆ ಎಲ್ಲಿಯೂ ನಿಲ್ಲುವುದಿಲ್ಲ. ಬಂದರಿಗೆ ಹೋಗುವವರಿಗೆ ಅದು ಸುತ್ತುದಾರಿ.

ಚಿವಿತಾವೆಕ್ಕಿಯಾದಲ್ಲಿ ನೋಡಲು ಏನೂ ಇಲ್ಲವೆಂದು ಜನ ಮೂಗುಮುರಿಯುತ್ತಾರೆ. ಚಕ್ರವರ್ತಿ ಟ್ರಾಜನ್ ಎರಡನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಬಂದರು ಅದು. ಹಡಗುಕಟ್ಟೆಯ ಪಕ್ಕದಲ್ಲೇ ನಿಂತಿರುವ ಮೈಕೆಲೆಂಜೆಲೋ ಕೋಟೆಯ ಕೆಲಸವನ್ನು 1508ರಲ್ಲಿ ಆರಂಭಿಸಿದವನು ವಾಸ್ತುಶಿಲ್ಪಿ ಬ್ರಮಾಂತೆ. ಊರಿನಲ್ಲಿ ಜಪಾನಿನ ಹುತಾತ್ಮರ ಹೆಸರಿನ ಚರ್ಚೊಂದಿದೆ. 1597ರಲ್ಲಿ ನಾಗಾಸಾಕಿಯಲ್ಲಿ ಶಿಲುಬೆಗೇರಿಸಲ್ಪಟ್ಟವರ ನೆನಪಿಗೆ ಜಪಾನೀ ಕಲಾವಿದರೊಬ್ಬರು ಗೋಡೆಯ ಮೇಲೆ ಬರೆದ ಚಿತ್ರಗಳಲ್ಲಿ ಮೇರಿಮಾತೆ ಕಿಮೋನೋ ಉಟ್ಟಿದ್ದಾಳೆ. ಇಟಲಿಯ ಬೇರೆ ಊರುಗಳಲ್ಲಿ ಕಾಣಸಿಗದ ನೋಟವಿದು, ಇದೊಂದಕ್ಕಾಗಿಯೇ ನಾನು ಆ ಊರಿನ ಪರ ವಾದಿಸುತ್ತೇನೆ. ರೈಲು ನಿಲ್ದಾಣದಿಂದ ಕೋಟೆಯವರೆಗೆ ಸಮುದ್ರದ ಪಕ್ಕದಲ್ಲಿ ಸಮತಟ್ಟಾದ ದಾರಿಯಿದೆ, ಅತ್ತೆಯವರಿಗೂ ಕಷ್ಟವಾಗದು.

ಉತ್ತರ 3

ತಂಗುವ ಸ್ಥಳದ ಬಗ್ಗೆ ಇಬ್ಬರೂ ವಿವರವಾಗಿ ಹೇಳಿದ್ದಾರೆ. ಕಾಗದಪತ್ರ ಮತ್ತು ಮುಷ್ಕರದ ಬಗ್ಗೆ ನಾನು ಒಂದಿಷ್ಟು ಸೇರಿಸುತ್ತೇನೆ.

ಕುಶಾದಸಿ ಷೆಂಗೆನ್ ಪ್ರದೇಶದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಐರೋಪ್ಯ ದೇಶಗಳ ಗುಂಪಿನ, ಹೊರಗಿದೆ. ಹಡಗು ಅಲ್ಲಿಗೆ ಹೋಗಿ ಮತ್ತೆ ಗ್ರೀಸಿಗೋ ಇಟಲಿಗೋ ಬಂದಾಗ ಅದು ಹೊಸ ಪ್ರವೇಶವಾಗುತ್ತದೆ. ಆದ್ದರಿಂದ ನಿಮಗೆ ವೀಸಾ ಅಗತ್ಯವಿದ್ದರೆ ಒಂದೇ ಬಾರಿಯ ಪ್ರವೇಶದ ವೀಸಾ ಸಾಲದು, ಬಹುಪ್ರವೇಶದ್ದೇ ಬೇಕು. ಇನ್ನೊಂದು ಸೂಕ್ಷ್ಮವಿದೆ. ಕ್ರೂಸ್ ಟಿಕೆಟ್ಟಿನ ದಿನಾಂಕವನ್ನಷ್ಟೇ ನೋಡಿ ಅರ್ಜಿ ತುಂಬುವವರು ಮುನ್ನಾ ದಿನದ ರಾತ್ರಿಯನ್ನು ಬಿಟ್ಟುಬಿಡುವ ಸಂಭವವಿರುತ್ತದೆ. ವೀಸಾದ ಅವಧಿಯೂ, 30,000 ಯೂರೋಗಿಂತ ಕಡಿಮೆಯಿಲ್ಲದಂತೆ ಮಾಡಿಸಬೇಕಾದ ವೈದ್ಯಕೀಯ ವಿಮೆಯೂ ನೀವು ವಿಮಾನ ಇಳಿಯುವ ಗುರುವಾರದಿಂದಲೇ ಆರಂಭವಾಗಬೇಕು; ಹೋಟೆಲ್ ಕಾಯ್ದಿರಿಸಿದ ಪತ್ರವನ್ನೂ ಅರ್ಜಿಯೊಂದಿಗೆ ಇಡಿ. ವಿಮೆ ಕೊಳ್ಳುವಾಗ ವಿಮಾನ ತಡವಾಗಿ ಹಡಗು ತಪ್ಪಿದರೆ ಪರಿಹಾರವಿದೆಯೇ ಎಂಬ ಷರತ್ತನ್ನು ಓದಿ ನೋಡಿ, ಎಲ್ಲ ಪಾಲಿಸಿಗಳಲ್ಲೂ ಅದು ಇರುವುದಿಲ್ಲ.

ಎರಡನೆಯದು, ನೀವು ಹಡಗು ಹತ್ತುವುದು ಶುಕ್ರವಾರ. ಇಟಲಿಯಲ್ಲಿ ಸಾರಿಗೆ ಮುಷ್ಕರಗಳು ಶುಕ್ರವಾರಗಳಂದು ಬೀಳುವುದು ಹೆಚ್ಚು. ಹೆದರಬೇಕಾಗಿಲ್ಲ, ಏಕೆಂದರೆ 1990ರ ಕಾನೂನಿನ ಪ್ರಕಾರ ಮುಷ್ಕರವನ್ನು ಕನಿಷ್ಠ ಹತ್ತು ದಿನ ಮೊದಲೇ ಘೋಷಿಸಬೇಕು, ಸಾರಿಗೆ ಸಚಿವಾಲಯದ ಜಾಲತಾಣದಲ್ಲಿ ಪಟ್ಟಿಯೂ ಇರುತ್ತದೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9ರವರೆಗೆ ಮತ್ತು ಸಂಜೆ 6ರಿಂದ 9ರವರೆಗೆ ಪ್ರಾದೇಶಿಕ ರೈಲುಗಳ ಕನಿಷ್ಠ ಸೇವೆಯನ್ನು ನಡೆಸಲೇಬೇಕು. ಹೊರಡುವ ಎರಡು ವಾರ ಮೊದಲಿನಿಂದ ಆ ಪಟ್ಟಿಯ ಮೇಲೆ ಕಣ್ಣಿಟ್ಟಿರಿ. ನೀವು ರೋಮ್‌ನಲ್ಲಿ ತಂಗಿದ್ದು ಶುಕ್ರವಾರ ಮುಷ್ಕರವೆಂದು ಗೊತ್ತಾದರೆ ಬೆಳಗಿನ ಆ ಮೂರು ಗಂಟೆಗಳೊಳಗೆ ಹೊರಟುಬಿಡಿ.

ರೈಲಿನ ಕಾಗದದ ಟಿಕೆಟ್ ತೆಗೆದುಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನಲ್ಲಿರುವ ಯಂತ್ರಕ್ಕೆ ತೂರಿಸಿ ದಿನಾಂಕ-ಸಮಯದ ಮುದ್ರೆ ಹಾಕಿಸಬೇಕು. ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ ಕಟ್ಟಬೇಕಾಗುತ್ತದೆ, ಪ್ರವಾಸಿಗರೆಂಬ ರಿಯಾಯಿತಿ ಇಲ್ಲ.

ಹೋಟೆಲ್‌ನಲ್ಲಿ ಎಲ್ಲರ ಪಾಸ್‌ಪೋರ್ಟ್ ಕೇಳುತ್ತಾರೆ; ಅತಿಥಿಗಳ ವಿವರವನ್ನು ಪೊಲೀಸರಿಗೆ ಕಳುಹಿಸುವುದು ಅಲ್ಲಿ ಕಡ್ಡಾಯ. ರೋಮ್‌ನಲ್ಲಾದರೆ ಕೋಣೆಯ ಬಾಡಿಗೆಯ ಜೊತೆಗೆ ತಲೆಗೆ, ರಾತ್ರಿಗೆ ಇಷ್ಟೆಂದು ಪ್ರವಾಸಿ ತೆರಿಗೆಯೂ ಇದೆ. 2023ರ ಪರಿಷ್ಕರಣೆಯಂತೆ ಮೂರು ನಕ್ಷತ್ರದ ಹೋಟೆಲ್‌ಗೆ 6 ಯೂರೋ, ನಾಲ್ಕು ನಕ್ಷತ್ರದ್ದಕ್ಕೆ 7.50 ಯೂರೋ. ಮುಂಗಡ ಪಾವತಿಸಿದ್ದರೂ ಇದನ್ನು ಸಾಮಾನ್ಯವಾಗಿ ಅಲ್ಲಿಯೇ ಪ್ರತ್ಯೇಕವಾಗಿ ಕಟ್ಟಿಸಿಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮನೆಯಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಮಾವನವರಿಗೆ ಸಂತ ಪೀಟರರ ಚೌಕ ನೋಡುವ ಆಸೆ ಬಿಡಲು ಮನಸ್ಸಿಲ್ಲ, ಅತ್ತೆಯವರಿಗೆ ಚಿವಿತಾವೆಕ್ಕಿಯಾ ಹಿಡಿಸಿದೆ. ಹಡಗು ಹಿಂತಿರುಗಿದ ಮೇಲೆ ರೋಮ್‌ನಲ್ಲಿ ಎರಡು ರಾತ್ರಿ ಉಳಿದುಕೊಳ್ಳಲು ಸಾಧ್ಯವಿರುವುದರಿಂದ, ಹೋಗುವಾಗ ಬಂದರಿನ ಊರಿನಲ್ಲೇ ತಂಗಿ ರೋಮ್ ನೋಡುವುದನ್ನು ಕೊನೆಗೆ ಇಟ್ಟುಕೊಂಡರೆ ಹೇಗೆ ಎಂದು ಯೋಚಿಸುತ್ತಿದ್ದೇವೆ. ಹಾಗಿದ್ದರೆ ಶುಕ್ರವಾರ ಹೋಟೆಲ್‌ನಿಂದ ಹಡಗಿನ ತನಕ ಹೇಗೆ ಹೋಗಬೇಕು? ನಕ್ಷೆಯಲ್ಲಿ ಬಂದರು ಕೂಗಳತೆಯಲ್ಲಿರುವಂತೆ ಕಾಣುತ್ತದೆ.

ಉತ್ತರ 2 ಬರೆದವರಿಂದ

ಬಂದರಿನ ಬಾಗಿಲು ಹತ್ತಿರ, ಹಡಗು ಹತ್ತಿರವಲ್ಲ. ದೊಡ್ಡ ಹಡಗುಗಳು ನಿಲ್ಲುವುದು ಹೊರ ತಡೆಗೋಡೆಯ ಉದ್ದಕ್ಕೂ. ಕೋಟೆಯ ಬಳಿ ನಿಂತರೆ ಹಡಗು ಕಣ್ಣಿಗೆ ಕಾಣುತ್ತದೆ, ಆದರೆ ಪೆಟ್ಟಿಗೆಗಳೊಂದಿಗೆ ಅಲ್ಲಿಯವರೆಗೆ ನಡೆಯುವ ಯೋಚನೆ ಬೇಡ. ಬಂದರಿನ ಪ್ರಯಾಣಿಕರ ಕೇಂದ್ರ ಇರುವುದು ಲಾರ್ಗೋ ದೆಲ್ಲಾ ಪಾಚೆ ಎಂಬಲ್ಲಿ; ಬಂದರಿನೊಳಗೆ ಓಡಾಡುವ ಉಚಿತ ಬಸ್ಸುಗಳು ಅಲ್ಲಿಂದ ಟರ್ಮಿನಲ್‌ಗಳಿಗೆ ಹೋಗುತ್ತವೆ. ರೈಲು ನಿಲ್ದಾಣದಿಂದ ಅಲ್ಲಿಗೆ ಟಿಕೆಟ್ ಕೊಟ್ಟು ಹೋಗುವ ಬಸ್ ಇದೆ. ನಿಮ್ಮ ಗುಂಪಿಗೆ ಮಾತ್ರ ಹೋಟೆಲಿನವರಿಗೆ ಹಿಂದಿನ ರಾತ್ರಿಯೇ ಹೇಳಿ ಟ್ಯಾಕ್ಸಿ ತರಿಸಿ ನೇರವಾಗಿ ಟರ್ಮಿನಲ್ ಬಾಗಿಲಿಗೆ ಇಳಿಯುವುದು ಉತ್ತಮ. ಟರ್ಮಿನಲ್‌ಗಳು ಒಂದಕ್ಕಿಂತ ಹೆಚ್ಚಿವೆ, ಅಮೆರಿಗೋ ವೆಸ್ಪುಚಿ ಹೆಸರಿನದೊಂದು, ಬ್ರಮಾಂತೆ ಹೆಸರಿನದೊಂದು, ಹೀಗೆ. ಆದ್ದರಿಂದ ಚಾಲಕರಿಗೆ ಹಡಗಿನ ಹೆಸರನ್ನೇ ಹೇಳಿ. ಯಾವ ಹಡಗು ಆ ದಿನ ಎಲ್ಲಿ ನಿಂತಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಕ್ರೂಸ್ ಕಂಪನಿ ಕಳುಹಿಸುವ ಲಗೇಜು ಚೀಟಿಗಳನ್ನು ಮನೆಯಲ್ಲೇ ಮುದ್ರಿಸಿಕೊಂಡು ಬನ್ನಿ, ಆದರೆ ವಿಮಾನ ಇಳಿದ ಮೇಲೆ, ಗುರುವಾರ ರಾತ್ರಿ ಹೋಟೆಲಿನಲ್ಲಿ ಅಂಟಿಸಿ. ದೊಡ್ಡ ಪೆಟ್ಟಿಗೆಗಳನ್ನು ಟರ್ಮಿನಲ್ ಹೊರಗೇ ತೆಗೆದುಕೊಂಡುಬಿಡುತ್ತಾರೆ, ಅವು ಕ್ಯಾಬಿನ್‌ಗೆ ಬಂದು ಸೇರುವುದು ಸಂಜೆಯ ಹೊತ್ತಿಗೆ. ಅತ್ತೆಯವರ ಮಾತ್ರೆಗಳು, ಎಲ್ಲರ ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಮಂಡಿನೋವಿನ ವಿಷಯವನ್ನು ಕಂಪನಿಗೆ ಈಗಲೇ ಬರೆದು ತಿಳಿಸಿದರೆ ಟರ್ಮಿನಲ್‌ನಲ್ಲಿ ಗಾಲಿಕುರ್ಚಿ ಸಿದ್ಧವಿಡುತ್ತಾರೆ. ಅಲ್ಲಿಗೆ ಹೋಗಿ ಕೇಳಿದರೆ ಬಹಳ ಹೊತ್ತು ಕಾಯಬೇಕಾಗುತ್ತದೆ. ನಿಮಗೆ ಕೊಟ್ಟಿರುವ ಒಳಪ್ರವೇಶದ ಸಮಯಕ್ಕೇ ಹೋಗಿ. ಹೋಟೆಲ್ ಹತ್ತಕ್ಕೋ ಹನ್ನೊಂದಕ್ಕೋ ಖಾಲಿ ಮಾಡಬೇಕಾಗಿ ಬಂದರೂ ಚಿಂತೆಯಿಲ್ಲ, ಪೆಟ್ಟಿಗೆಗಳನ್ನು ಅಲ್ಲೇ ಕೆಳಗೆ ಇಡಲು ಒಪ್ಪುತ್ತಾರೆ. ಬೆಳಗಿನ ಆ ಹೊತ್ತಿನಲ್ಲಿ ಚರ್ಚಿನ ಚಿತ್ರಗಳನ್ನು ನೋಡಿ ಬರಬಹುದು.