ಕಬ್ಬು ಕಡ್ಯಾಕ ಬಂದ ಹೆಣ್ಮಕ್ಕಳಿಗೆ, ಕೂಸುಗಳಿಗೆ ನಾವು ಏನು ಮಾಡಿದ್ರ ಉಪಯೋಗ?

ಘಟಪ್ರಭಾ ದಂಡಿ, ಮುಧೋಳ:

ಎಲ್ಲರಿಗೂ ನಮಸ್ಕಾರ್ರಿ. ನಾವು ಮುಧೋಳದಾಗ ಒಂದೇ ಓಣಿಯ ಹೆಣ್ಮಕ್ಕಳು ಕೂಡಿ ಸಣ್ಣದೊಂದು ಬಳಗ ಮಾಡ್ಕೊಂಡೀವಿ. ಹೆಚ್ಚಿನವರು ಮನಿ ನಡಸೋರು, ಇಬ್ಬರು ಬಟ್ಟಿ ಹೊಲೀತಾರ, ಒಬ್ಬಾಕಿ ಡಿಗ್ರಿ ಓದಾಕತ್ತಾಳ. ದೀಪಾವಳಿ ಮುಗದು ಕಾರ್ಖಾನಿ ಶುರುವಾತು ಅಂದ್ರ ಊರ ಹೊರಗ ಕಬ್ಬು ಕಡ್ಯಾವರ ಗುಡಸಲ ಏಳ್ತಾವು. ಒಂದು ಕಡೆ ಮಹಾರಾಷ್ಟ್ರದ ಬೀಡ ಜಿಲ್ಲಾದವರು, ಇನ್ನೊಂದು ಕಡೆ ವಿಜಯಪುರ ಜಿಲ್ಲಾದ ತಾಂಡಾದವರು. ಮಾರ್ಚ್ ತನಕ ಇರ್ತಾರ. ಅವರ ಮಕ್ಕಳು ದಿನಾ ರಸ್ತೆ ಬಾಜೂಕ ಬರಿಗಾಲಿಲೆ ಆಡೂದು ನೋಡ್ತೀವಿ.

ಹಳೇ ಸೀರಿ ಕೂಡಿಸಿ ಕೌದಿ ಹೊಲದು, ಸಂಕ್ರಮಣದ ದಿನ ಊಟದ ಜೋಡಿ ಕೊಡೋಣು ಅಂತ ವಿಚಾರ ಐತಿ. ನಮ್ಮೊಳಗ ಒಬ್ಬರು ರೊಕ್ಕಾನ ಕೊಡೋಣು ಅಂತಾರ, ಓದೋ ಹುಡುಗಿ ವಾರಕ್ಕೊಮ್ಮೆ ಮಕ್ಕಳಿಗೆ ಪಾಠ ಹೇಳೋಣು ಅಂತಾಳ. ಒಂದು ದಿನ ಕೊಟ್ಟು ಫೋಟೋ ತಗಸ್ಕೊಂಡು ಬರೂದು ನಮಗ ಯಾರಿಗೂ ಬ್ಯಾಡಾಗೈತಿ. ನಿಜವಾಗಿ ಏನು ಬೇಕಾಗಿರ್ತೈತಿ? ಯಾರನ್ನ ಕೇಳಿ ಒಳಗ ಹೋಗಬೇಕು? ಮಾಡಿದವರು ಇದ್ರ ದಯವಿಟ್ಟು ಹೇಳ್ರಿ.

ನಿವೃತ್ತ ಸಿಸ್ಟರ್, ಅಥಣಿ:

ತಂಗಿ, ಕೌದಿ ಅಗತ್ಯ ಕೊಡ್ರಿ. ರವದಿ ಹಾಸಿ ಮಕ್ಕೊಳ್ಳೋ ಕೂಸಿಗೆ ಡಿಸೆಂಬರ್ ಥಂಡಿಯೊಳಗ ಕೌದಿ ಅಂದ್ರ ದೊಡ್ಡ ಮಾತು. ಆದ್ರ ನಿಮ್ಮ ಕಡೆ ಅದಕ್ಕಿಂತ ಬೆಲೆಯುಳ್ಳದ್ದು ಐತಿ. ನಿಮಗ ಹಗಲಹೊತ್ತು ಒಂದು ತಾಸು ಬಿಡುವು ಸಿಗ್ತೈತಿ, ಬೋರ್ಡ್ ಓದಾಕ ಬರ್ತೈತಿ, ದವಾಖಾನ್ಯಾಗ ನಿಮ್ಮನ್ನ ಗುರುತು ಹಿಡೀತಾರ. ಆ ಹೆಣ್ಮಗಳಿಗೆ ಇದು ಯಾವದೂ ಇಲ್ಲ. ಆಕೀ ಸಂಗಡ ನಡೀರಿ. ಅಂಗನವಾಡಿಗೆ, ದವಾಖಾನಿಗೆ, ರೇಷನ್ ಅಂಗಡಿಗೆ ಆಕೀ ಜೋಡಿ ನೀವು ನಿಂತ್ರ, ಎದುರಿಗೆ ಕುಂತವರು ಮಾತಾಡೂ ರೀತಿನ ಬ್ಯಾರೆ ಆಗ್ತೈತಿ. ನಾನು ಸರ್ಕಾರಿ ಕೆಲಸದಾಗ ಇದ್ದಾಕಿ, ಟೇಬಲ್ಲಿನ ಆ ಕಡೆಯಿಂದ ನೋಡೀನಿ.

ಮದ್ಲ ಹೊತ್ತು ತಿಳ್ಕೊಳ್ರಿ. ಗ್ಯಾಂಗಿನವರು ನಸುಕಿನ್ಯಾಗ ಎದ್ದು ಹೊಲಕ್ಕ ಹೋಗ್ತಾರ. ಗಂಡ ಕಡೀತಾನ, ಹೆಂಡ್ತಿ ಸೋಗಿ ಸವರಿ ಹೊರಿ ಕಟ್ಟತಾಳ, ಆಮ್ಯಾಲ ತಲಿಮ್ಯಾಲ ಹೊತ್ತು ಹಲಗಿ ಏರಿ ಟ್ರ್ಯಾಕ್ಟರ್ ಡಬ್ಬಿ ತುಂಬತಾಳ. ಟ್ರ್ಯಾಕ್ಟರ್ ರಾತ್ರಿ ಬಂದ್ರ ರಾತ್ರಿನೂ ತುಂಬಬೇಕು. ನೀವು ಹನ್ನೊಂದು ಗಂಟೆಕ್ಕ ಹೋದ್ರ ಗುಡಸಲದಾಗ ಸಿಗೂದು ಸಣ್ಣ ಕೂಸುಗಳು, ಅವನ್ನ ಕಾಯೋ ಒಬ್ಬ ಹುಡುಗಿ. ತಾಯಂದಿರ ಜೋಡಿ ಮಾತಾಡಬೇಕಂದ್ರ ಸಂಜಿ ಒಲಿ ಹಚ್ಚೋ ಹೊತ್ತಿಗೆ ಹೋಗ್ರಿ, ಒಲಿ ಮುಂದ ಕುಂದರ್ರಿ.

ಒಳಗ ಹೋಗಾಕ ಮೂರು ಮಂದಿಗೆ ಹೇಳ್ರಿ: ಹೊಲದ ಮಾಲಕ, ಗ್ಯಾಂಗಿನ ಮುಕಾದಮ, ಕಾರ್ಖಾನಿ ಫೀಲ್ಡ್‌ಮನ್. ಮುಕಾದಮನ್ನ ಬಿಟ್ಟು ಹೋದ್ರ ಅಂವ ಹೆಣ್ಮಕ್ಕಳ ಬಾಯಿ ಮುಚ್ಚಸ್ತಾನ. ಮುಂಗಡ ಕೊಟ್ಟು ಕರಕೊಂಡು ಬಂದಾಂವ ಅವನ. ನಾಳೆ ಗ್ಯಾಂಗ್ ಯಾವ ಹೊಲಕ್ಕ ಹೋಗ್ತೈತಿ ಅನ್ನೂದು ಫೀಲ್ಡ್‌ಮನ್‌ಗೆ ಗೊತ್ತಿರ್ತೈತಿ. ಅವರು ಒಂದ ಜಾಗಾದಾಗ ನಿಲ್ಲಂಗಿಲ್ಲ, ಅದಕ್ಕ ಇದು ಬೇಕ ಬೇಕು.

ಮದ್ಲನೇ ಸಲ ಹೋದಾಗ ಬರಕೊಳ್ಳೂದು ಇಷ್ಟ: ಬಸರಿ ಹೆಣ್ಮಕ್ಕಳು ಯಾರು, ಬಾಣಂತಿಯರು ಯಾರು, ಆರು ವರ್ಷದೊಳಗಿನ ಕೂಸು ಎಷ್ಟು, ತಾಯಿ ಕಾರ್ಡ್ ತಂದಾರೋ ಊರಾಗ ಬಿಟ್ಟು ಬಂದಾರೋ. ಆ ಪಟ್ಟಿ ಹಿಡಕೊಂಡು ಆ ಏರಿಯಾದ ಆಶಾ ಕಾರ್ಯಕರ್ತೆಯನ್ನ, ಅಂಗನವಾಡಿ ಟೀಚರ್‌ನ ಗುಡಸಲಕ್ಕ ಕರಕೊಂಡು ಬರ್ರಿ. ಹೊರಗಿನಿಂದ ಬಂದ ಬಸರಿ, ಬಾಣಂತಿ, ಆರು ವರ್ಷದೊಳಗಿನ ಮಕ್ಕಳಿಗೂ ಅಂಗನವಾಡಿಯ ಆಹಾರ ಸಿಗಬೇಕು. ಪೋಷಣ್ ಟ್ರ್ಯಾಕರ್ ಅಂತ ಅಂಗನವಾಡಿಯ ಮೊಬೈಲ್ ಆ್ಯಪ್‌ದಾಗ ವಲಸೆ ಬಂದವರನ್ನ ಸೇರಸಾಕ ಅವಕಾಶ ಐತಿ. ಕೂಸಿನ ಆಧಾರ್ ಇಲ್ಲ ಅಂತ ವಾಪಸ್ ಕಳಸಿದ್ರ, ತಾಯಿ ಆಧಾರ್ ನಡೀತೈತಿ ಅಂತ ಮೆತ್ತಗ ಹೇಳ್ರಿ. ಟೀಚರ್ ಜೋಡಿ ಜಗಳ ಬ್ಯಾಡ, ಅವರ ಮ್ಯಾಲ ಮದ್ಲ ಕೆಲಸದ ಹೊರಿ ಬಾಳ ಐತಿ. ನೀವು ಬರೆಯೋ ಕೆಲಸದಾಗ ಕೈ ಹಚ್ಚಿದ್ರ ಅವರೂ ಬರ್ತಾರ.

ಒಂದು ಕೂಸಿನ ಮಾತು ಹೇಳ್ತೀನಿ. ಜಾಲಿ ಗಿಡಕ್ಕ ಸೀರಿ ಜೋಳಿಗಿ ಕಟ್ಟಿದ್ರು. ಒಂಬತ್ತು ವರ್ಷದ ಹುಡುಗಿ ಕಾಲಿನ ಹೆಬ್ಬಟ್ಟಿಗೆ ಹಗ್ಗ ಸುತ್ಕೊಂಡು ಜೋಳಿಗಿ ತೂಗಾಕತ್ತಿದ್ಲು, ಕೈಲೆ ಒಲಿಮ್ಯಾಲಿನ ನುಚ್ಚು ತಿರುವಾಕತ್ತಿದ್ಲು. ಕೂಸಿನ ತೋಳಿಗೆ ಅಳತಿ ಪಟ್ಟಿ ಸುತ್ತಿದೆ, ಕೆಂಪು ಬಂತು. ಆರು ತಿಂಗಳಿಂದ ಐದು ವರ್ಷದ ಕೂಸಿನ ತೋಳಿನ ಸುತ್ತಳತಿ 11.5 ಸೆಂಟಿಮೀಟರ್‌ಕಿಂತ ಕಡಿಮಿ ಇದ್ರ ಅದು ತೀವ್ರ ಅಪೌಷ್ಟಿಕತೆ. ಅಂಥ ಕೂಸಿನ್ನ ಡಾಕ್ಟರ್‌ಗೆ ತೋರಸಿ, ಅವರು ಹೇಳಿದ್ರ ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರಕ್ಕ ಸೇರಸಬೇಕು, ಸಾಮಾನ್ಯವಾಗಿ ಹದಿನಾಲ್ಕು ದಿವಸ ತಾಯಿ ಜೋಡಿ ಇರಬೇಕು. ಆ ಕೂಸಿನ ತಾಯಿ ಬರಾಕ ಒಲ್ಲೆ ಅಂದ್ಲು. ಯಾಕಂದ್ರ ಗಂಡ-ಹೆಂಡ್ತಿ ಕೂಡಿ ಒಂದು ಕೊಯ್ತಾ, ಅಂದ್ರ ಒಂದು ಜೋಡಿ, ಅಂತ ಲೆಕ್ಕ. ಒಬ್ಬರು ಹೋದ್ರ ದುಡಿಮಿ ನಿಂತು ಮುಂಗಡ ಹಂಗ ಉಳೀತೈತಿ. ಕಡೀಕ ಆಕೀ ನಾದಿನಿ ಕೆಲಸಕ್ಕ ನಿಂತ್ಲು, ನಮ್ಮ ಓಣಿಯ ಇಬ್ಬರು ಪಾಳಿ ಹಚ್ಚಿ ಉಳಿದ ಮಕ್ಕಳಿಗೆ ಊಟ ಕೊಟ್ರು, ಜೋಳಿಗಿ ತೂಗೋ ಹುಡುಗಿನ್ನ ಹತ್ತಿರದ ಸಾಲಿಗೆ ಬಿಟ್ಟು ಬಂದ್ರು. ಆವಾಗ ತಾಯಿ ಬಸ್ ಹತ್ತಿದ್ಲು. ಯೋಜನಾ ಸರ್ಕಾರದ್ದು ಇತ್ತು, ಕೇಂದ್ರ ಇತ್ತು, ಡಾಕ್ಟರ್ ಇದ್ರು. ಕಮ್ಮಿ ಇದ್ದದ್ದು ಮನ್ಯಾಗಿನ ಮಕ್ಕಳನ್ನ ನೋಡಾವರು. ನಿಮ್ಮಂಥವರು ಬೇಕಾಗೂದು ಅಲ್ಲೆ.

ಬಸರಿ ಇದ್ದ ಗುಡಸಲಕ್ಕ ಒಂದು ಹಲಗಿ ಬರದು ಹಾಕ್ರಿ: ಯಾವ ರಸ್ತೆ, ಯಾವ ಗುಡಿ ದಾಟಿ, ಯಾರ ಹೊಲ. ರಾತ್ರಿ 108ಕ್ಕ ಫೋನ್ ಮಾಡಿದಾಗ ಅಡ್ರೆಸ್ ಕೇಳ್ತಾರ, ಬೀಡದಿಂದ ಬಂದಾಂವಗ ನಿಮ್ಮ ಊರಿನ ಹೊಲದ ಹೆಸರು ಹೆಂಗ ಗೊತ್ತಾಗಬೇಕು?

ಹಂಗ, ಅವರ ಮಹಾರಾಷ್ಟ್ರದ ರೇಷನ್ ಕಾರ್ಡ್ ಇಲ್ಲೂ ನಡೀತೈತಿ, ಒಂದು ದೇಶ ಒಂದು ಪಡಿತರ ಚೀಟಿ ಅಂತ. ಕಾರ್ಡಿನ್ಯಾಗ ಹೆಸರಿದ್ದವರು ಬೆರಳು ಕೊಟ್ರ ಸಾಕು. ತಮ್ಮ ಪಾಲು ಇಲ್ಲಿ ಎತ್ತಿ, ಊರಾಗ ಉಳಿದ ಮುದುಕರ ಪಾಲು ಅಲ್ಲೆ ಬಿಡಬಹುದು. ಇದು ಬಾಳ ಮಂದಿಗೆ ಗೊತ್ತಿಲ್ಲ, ಅಂಗಡ್ಯಾವರು ತಾವಾಗಿ ಹೇಳಂಗಿಲ್ಲ.

ಕನ್ನಡ ಸಾಲಿ ಮಾಸ್ತರ, ಚಿಕ್ಕೋಡಿ:

ಸಿಸ್ಟರ್ ಬರೆದದ್ದನ್ನು ಪ್ರತಿಯೊಬ್ಬರೂ ಓದಬೇಕು. ಶಾಲೆಯ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ.

ವರ್ಷದ ನಡುವೆ ಬಂದ ಮಗು, ಟಿ.ಸಿ. ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಎಂದು ಯಾರಾದರೂ ವಾಪಸ್ ಕಳಿಸಿದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ನೆನಪಿಸಿ. ಟಿ.ಸಿ. ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ, ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂಡಿಸಬೇಕು. ವಿಜಯಪುರ ಕಡೆಯ ಮಕ್ಕಳಾದರೆ ಊರಿನ ಶಾಲೆಯಲ್ಲಿ ಎಸ್‌ಎಟಿಎಸ್ ಸಂಖ್ಯೆ, ಅಂದರೆ ರಾಜ್ಯದ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿನ ವಿದ್ಯಾರ್ಥಿ ಸಂಖ್ಯೆ, ಇರುತ್ತದೆ. ಅದನ್ನು ತರಿಸಿಕೊಂಡರೆ ಕೆಲಸ ಅರ್ಧ ಮುಗಿದಂತೆ.

ಮರಾಠಿ ಮಕ್ಕಳದು ನಿಜಕ್ಕೂ ಕಷ್ಟ. ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆ ಸರ್ಕಾರಿ ಮರಾಠಿ ಶಾಲೆಗಳಿವೆ, ನಿಮ್ಮ ಕಡೆ ಹತ್ತಿರದಲ್ಲಿ ಸಿಗುವುದು ಅನುಮಾನ. ಆದರೂ ಕನ್ನಡ ಶಾಲೆಗೇ ಕಳಿಸಿ. ಬಿಸಿಯೂಟ ಸಿಗುತ್ತದೆ, ಮೊಟ್ಟೆ ಸಿಗುತ್ತದೆ, ಹಗಲಿಡೀ ಕಾರ್ಖಾನೆ ಟ್ರ್ಯಾಕ್ಟರ್‌ಗಳ ನಡುವೆ ಅಲೆಯುವುದು ತಪ್ಪುತ್ತದೆ. ನಿಮ್ಮ ಬಳಗದ ಡಿಗ್ರಿ ಓದುವ ತಂಗಿ ಸಂಜೆ ಅವರ ಭಾಷೆಯ ಪುಸ್ತಕ ಓದಿಸಲಿ. ಮಹಾರಾಷ್ಟ್ರದ ಬಾಲಭಾರತಿ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ, ಮೊಬೈಲ್‌ಗೆ ಇಳಿಸಿಕೊಳ್ಳಬಹುದು. ಹೋಗುವಾಗ ಮುಖ್ಯ ಗುರುಗಳಿಂದ ಹಾಜರಾತಿ ಪತ್ರ ಬರೆಸಿ ಕೊಡಿಸಿ, ಊರಿನ ಶಾಲೆಯಲ್ಲಿ ತೋರಿಸಲು ಒಂದು ಆಧಾರ ಇರುತ್ತದೆ.

ಇನ್ನೊಂದು ಮಾತು. ದೊಡ್ಡ ಹುಡುಗಿ ಶಾಲೆಗೆ ಬರಬೇಕಾದರೆ ಚಿಕ್ಕ ಕೂಸನ್ನು ಯಾರಾದರೂ ಹಿಡಿಯಬೇಕು. ಗ್ರಾಮ ಪಂಚಾಯ್ತಿಯಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ ಇದ್ದರೆ ಪಿಡಿಒ ಅವರನ್ನು ಕೇಳಿ ನೋಡಿ. ಅದು ಮುಖ್ಯವಾಗಿ ನರೇಗಾ ಕೂಲಿಕಾರರ ಮೂರು ವರ್ಷದೊಳಗಿನ ಮಕ್ಕಳಿಗೆಂದು ಮಾಡಿದ್ದು. ಆದರೂ ಕೇಳುವುದರಲ್ಲಿ ತಪ್ಪಿಲ್ಲ.

ತಾಂಡಾದ ಹುಡುಗಿ, ವಿಜಯಪುರ:

ನಾನು ಇಂಡಿ ಕಡೆ ತಾಂಡಾದಾಕಿ ರೀ. ಈಗ ವಿಜಯಪುರದಾಗ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಾಗ ಓದಾಕತ್ತೀನಿ. ನಮ್ಮ ಅವ್ವ ಅಪ್ಪ ಕಬ್ಬು ಕಡ್ಯಾಕ ಹೋಗ್ತಿದ್ರು, ಜೋಳಿಗಿ ತೂಗೋ ಹುಡುಗಿ ನಾನ ಆಗಿದ್ದೆ. ಅದಕ್ಕ ಬರೀಲಿಕತ್ತೀನಿ.

ನಮಗ ಎಲ್ಲಕ್ಕಿಂತ ತ್ರಾಸ ಅನಸ್ತಿದ್ದು ಜಳಕ. ಗುಡಸಲಕ್ಕ ಬಚ್ಚಲಾ ಇರಂಗಿಲ್ಲ. ಅವ್ವ, ಚಿಗವ್ವ ಎಲ್ಲಾರೂ ಕತ್ತಲಾಗ ಕಾಲಿವಿ ದಂಡಿಗೆ ಹೋಗ್ತಿದ್ರು, ಹೊತ್ತು ಮೂಡಿದ ಮ್ಯಾಲ ಇಲ್ಲ. ಮುಟ್ಟಾದಾಗ ಅರಿವಿ ತೊಳೀಲಿಕ್ಕ ಜಾಗಾ ಇಲ್ಲ, ಒಣಸಲಿಕ್ಕ ಬಿಸಲಾಗ ಹಾಕೂ ಹಂಗಿಲ್ಲ. ಹಸಿ ಅರಿವಿನ ಕಟಗೊಂಡು ಹೊರಿ ಹೊರೂದು. ರಜಾ ತಗೊಂಡ್ರ ಕೂಲಿ ಮುರೀತಾರ. ಬೀಡ ಜಿಲ್ಲಾದಾಗ ಕಬ್ಬು ಕಡಿಯೋ ಹೆಣ್ಮಕ್ಕಳು ಸಣ್ಣ ವಯಸ್ಸಿನ್ಯಾಗ ಗರ್ಭಚೀಲ ತಗಸ್ಕೊಂಡ ಸುದ್ದಿ 2019ರಾಗ ಎಲ್ಲಾ ಪೇಪರಿನ್ಯಾಗ ಬಂದಿತ್ತು. ಅದರ ಬೇರು ಇಲ್ಲೇ ಅದ. ಹೊಟ್ಟಿನೋವು, ಬಿಳಿಸೆರಗು ಅಂತ ಹೋದಾಗ ಸರಿಯಾಗಿ ನೋಡಾವರು ಸಿಗಂಗಿಲ್ಲ.

ನಿಮ್ಮ ಕಡೆ ರೊಕ್ಕಾ ಇದ್ರ ನಾಕು ಬೊಂಬು, ಒಂದು ದಪ್ಪ ತಾಡಪಾಲ, ಎರಡು ಫರಸಿ ಕಲ್ಲು ತಂದು ಜಳಕದ ಮರಿ ಮಾಡಿ ಕೊಡ್ರಿ. ಗ್ಯಾಂಗ್ ಹೊಂಟಾಗ ಬಿಚ್ಚಿ ಡಬ್ಬಿನ್ಯಾಗ ಹಾಕ್ಕೊಂಡು ಹೋಗ್ತಾರ. ಹೊಲಿಯೋ ಅಕ್ಕಾವರು ಅದಾರ ಅಂದ್ರಿ, ಕಾಟನ್ ಪ್ಯಾಡ್ ಹೊಲದು ಕೊಡ್ರಿ, ಕಡು ಬಣ್ಣದ ಬಟ್ಟಿ ಇರಲಿ. ಗಂಡಸರ ಮುಂದ ಹಂಚಬ್ಯಾಡ್ರಿ.

ಮತ್ತ, ಫೋಟೋ. ಯಾರೋ ನಮ್ಮ ಗುಡಸಲಕ್ಕ ಬಿಸ್ಕೀಟ್ ಕೊಡಲಿಕ್ಕ ಬಂದಾಗ ನನ್ನ ಕೈಯಾಗ ಪುಡಿಕಿ ಹಿಡಸಿ, ನಗು ಅಂತ ಹೇಳಿ ಫೋಟೋ ತಗದಿದ್ರು. ಹೆಸರು ಕೇಳಲಿಲ್ಲ. ನೀವು ಮದ್ಲ ಹೆಸರು ಕೇಳ್ರಿ, ಎಷ್ಟನೇತ್ತಾ ಓದ್ತಿದ್ದಿ ಅಂತ ಕೇಳ್ರಿ.

ಘಟಪ್ರಭಾ ದಂಡಿ, ಮುಧೋಳ:

ಓದಿ ಎಲ್ಲಾರೂ ಕೂಡಿದ್ವಿ. ಸಂಕ್ರಮಣದ ಊಟದ ರೊಕ್ಕದಾಗ ಅರ್ಧ ತಾಡಪಾಲಕ್ಕ ತಗದಿಟ್ಟೀವಿ. ತಂಗಿ, ನಿನ್ನ ಮಾತು ಓದಿ ನಮ್ಮ ಹೊಲಿಯೋ ಅಕ್ಕ ಆಗಲೇ ಬಟ್ಟಿ ಕತ್ತರಿಸಾಕ ಕುಂತಾಳ.

ನಿನ್ನೆ ಸಂಜಿ ಒಂದು ಗುಡಸಲಕ್ಕ ಹೋಗಿದ್ವಿ. ಅಲ್ಲೆ ಇಬ್ಬರ ಸಲುವಾಗಿ ಕೇಳಬೇಕಾಗೈತಿ. ಒಬ್ಬಾಕಿ ಗಂಡ ಸತ್ತಾನ, ಅಣ್ಣನ ಜೋಡಿ ಬಂದಾಳ, ಇಬ್ಬರು ಮಕ್ಕಳು. ಇನ್ನೊಬ್ಬಾಕಿ ತೋಳ ಮ್ಯಾಲ ಬಾಸುಂಡಿ ಇದ್ವು, ಕೇಳಿದ್ರ ಕಬ್ಬು ಬಡದೈತಿ ಅಂದ್ಲು. ಏನು ಮಾಡೋಣು?

ನಿವೃತ್ತ ಸಿಸ್ಟರ್, ಅಥಣಿ:

ಗಂಡ ಸತ್ತಾಕೀದು ಮದ್ಲ ಹೇಳ್ತೀನಿ. ಮಕ್ಕಳ ರಕ್ಷಣೆಗಂತ ಇರೋ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನಾದಾಗ ಇಂಥ ಮಕ್ಕಳಿಗೆ ತಿಂಗಳಿಗೆ ತಲಾ 4,000 ರೂಪಾಯಿ ಸಿಗೂ ಅವಕಾಶ ಐತಿ. ಹಳ್ಳ್ಯಾಗಿದ್ದ ಕುಟುಂಬದ ವರ್ಷದ ಆದಾಯ 72,000 ದಾಟಿರಬಾರದು. ಅರ್ಜಿ ಅವರ ಸ್ವಂತ ಜಿಲ್ಲಾದ ಮಕ್ಕಳ ರಕ್ಷಣಾ ಘಟಕಕ್ಕ ಹೋಗಬೇಕು. ನೀವು ಇಲ್ಲಿಂದ ಫೋನ್ ಹಚ್ಚಿ ಯಾವ ಕಾಗದ ಬೇಕು ಅಂತ ಕೇಳಿ, ಇದ್ದಷ್ಟು ಜೆರಾಕ್ಸ್ ಮಾಡಿಸಿ ಒಂದು ಪ್ಲಾಸ್ಟಿಕ್ ಚೀಲದಾಗ ಹಾಕಿ ಆಕೀ ಕೈಯಾಗ ಕೊಡ್ರಿ. ಗಂಡನ ಮರಣ ಪ್ರಮಾಣಪತ್ರ ತಗಸ್ಯಾರೋ ಇಲ್ಲೋ ಮರೀಲಾರದ ಕೇಳ್ರಿ, ಬಾಳ ಸಲ ಕೆಲಸ ಅಲ್ಲೇ ನಿಲ್ತೈತಿ.

ಬಾಸುಂಡಿ ಇದ್ದಾಕಿನ್ನ ಎಲ್ಲಾರ ಮುಂದ ಕೆದಕಿ ಕೇಳಬ್ಯಾಡ್ರಿ, ಗಂಡಗ ಬುದ್ಧಿ ಹೇಳಾಕಂತೂ ಹೋಗಲೇಬ್ಯಾಡ್ರಿ. ನೀವು ಬಂದ ಮ್ಯಾಲ ರಾತ್ರಿ ಪೆಟ್ಟು ತಿನ್ನಾಕಿ ಆಕಿ. ತಾಡಪಾಲ ಕಟ್ಟೋ ನೆಪದಾಗ, ಪ್ಯಾಡ್ ಕೊಡೋ ನೆಪದಾಗ ಒಬ್ಬರ ಹೋಗ್ರಿ, ಮರಾಠಿ ಬರಾಕಿ ಇದ್ರ ಚಲೋ. ಹೆಣ್ಮಕ್ಕಳ ಸಹಾಯವಾಣಿ 181 ನಂಬರ್ ಬಾಯಿಪಾಠ ಮಾಡಸ್ರಿ, ಚೀಟಿ ಬರದು ಕೊಟ್ರ ಗಂಡನ ಕೈಗೆ ಸಿಗ್ತೈತಿ. ಆಕಿ ಹೊರಗ ಬರ್ತೀನಿ ಅಂದ್ರ ಸಖಿ ಕೇಂದ್ರದಾಗ ಐದು ದಿವಸದ ತನಕ ಇರಾಕ ಜಾಗಾ, ದವಾಖಾನಿ, ಪೊಲೀಸ್, ವಕೀಲರ ನೆರವು ಒಂದ ಕಡೆ ಸಿಗ್ತಾವು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯೊಳಗ ಆಕಿ ಈಗ ತಾತ್ಪೂರ್ತಿಕ ಇರೋ ಊರಾಗೂ ದೂರು ಕೊಡಬಹುದು, ಬೀಡಕ್ಕ ಹೋಗಬೇಕಂತಿಲ್ಲ. ನಮ್ಮ ರಾಜ್ಯದಾಗ ಆ ಕಾಯ್ದೆಯ ಸಂರಕ್ಷಣಾಧಿಕಾರಿ ಅಂದ್ರ ಸಿಡಿಪಿಒ, ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಹೆಣ್ಮಕ್ಕಳಿಗೆ ಸರ್ಕಾರಿ ವಕೀಲರ ನೆರವು ಆದಾಯ ನೋಡಲಾರದ ಪುಕ್ಕಟೆ, 15100ಕ್ಕ ಫೋನ್ ಮಾಡಬೇಕು. ಆದ್ರ ಹೊಂಡೂದೋ ಇರೂದೋ ಅನ್ನೂದು ಆಕಿ ಹೇಳಬೇಕು, ನೀವಲ್ಲ. ಆಕಿ ಜೀವಕ್ಕ ಅಪಾಯ ಕಂಡ್ರ ಮಾತ್ರ ಕಾಯಬ್ಯಾಡ್ರಿ, ತುರ್ತು ನಂಬರ್ 112ಕ್ಕ ಫೋನ್ ಮಾಡ್ರಿ. ಮಕ್ಕಳ ಮ್ಯಾಲ ಕೈ ಮಾಡಾಕತ್ತಿದ್ರ ಮಕ್ಕಳ ಸಹಾಯವಾಣಿ 1098.

ತಾಂಡಾದ ತಂಗಿ ಹೇಳಿದ ಫೋಟೋ ಮಾತು ಗಟ್ಟಿ ಹಿಡೀರಿ. ಇಂಥ ರಕ್ಷಣೆ ಬೇಕಾದ ಮಕ್ಕಳ ಗುರುತು ಬಯಲಿಗೆ ಹಾಕೂದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಪರಾಧ, ವಾಟ್ಸಾಪ್ ಸ್ಟೇಟಸ್ ಅಂತ ಬಿಡಂಗಿಲ್ಲ.

ಗ್ಯಾಂಗ್ ಹೊಂಡೂಕಿಂತ ಒಂದು ವಾರ ಮದ್ಲ ಪ್ರತಿ ಬಸರಿ ಹೆಣ್ಮಗಳ ಊರಿನ ಆಶಾ ಕಾರ್ಯಕರ್ತೆಯ ನಂಬರ್ ಇಸಗೊಂಡು, ಆಕೀ ತಿಂಗಳು ಎಷ್ಟು, ಯಾವ ಇಂಜೆಕ್ಷನ್ ಆಗೈತಿ ಅಂತ ತಿಳಸ್ರಿ. ನಿಮಗ ಆ ಊರಿನ ಆಶಾ ಸಿಗಲಿಲ್ಲ ಅಂದ್ರ ಇಲ್ಲಿ ನನಗ ಬರೀರಿ, ಅಥಣಿ ಗಡಿ ಕಡೆಯ ಮರಾಠಿ ಬಲ್ಲ ಸಿಸ್ಟರ್‌ಗಳಿಗೆ ಹೇಳಿ ಫೋನ್ ಮಾಡಸ್ತೀನಿ.