ರಸ್ತೆಗೆ ಮೊದಲು ಸರ್ವೆಗೇ ದುಡ್ಡು ಬೇಕಂತೆ, ಕೊಡುವವರು ಯಾರು?

ಎರೆಸೀಮೆಯವ: ನಮ್ಮದು ನವಲಗುಂದದ ಕಡೆ. ಮಳೆಗಾಲದಲ್ಲಿ ಊರ ದಾರಿಯಲ್ಲಿ ಟ್ರ್ಯಾಕ್ಟರ್ ಕೂಡ ಹೂತು ನಿಲ್ಲುತ್ತದೆ. ಕಚೇರಿಗೆ ಹೋದರೆ "ಮೊದಲು ಸರ್ವೆ, ಡಿಪಿಆರ್ (ಕಾಮಗಾರಿಯ ವಿವರವಾದ ಯೋಜನಾ ವರದಿ) ಆಗಬೇಕು, ಅದಕ್ಕೆ ಅನುದಾನವಿಲ್ಲ" ಎನ್ನುತ್ತಾರೆ. ದಾರಿ ಕಣ್ಣೆದುರಿಗೇ ಬಿದ್ದಿರುವಾಗ ಕಾಗದಕ್ಕೇಕೆ ದುಡ್ಡು? ಅದರಲ್ಲಿ ನಾಲ್ಕು ಲಾರಿ ಜಲ್ಲಿಯನ್ನಾದರೂ ಹಾಕಿಸಬಹುದಲ್ಲ?

ನಿವೃತ್ತ ಇಂಜಿನಿಯರ್: ಸ್ವಾಮಿ, ಆ ಕಾಗದ ಎಲ್ಲರಿಗಿಂತ ಹೆಚ್ಚಾಗಿ ಬೇಕಿರುವುದು ನಿಮ್ಮ ಎರೆಮಣ್ಣಿಗೇ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಬರೀ ಜಲ್ಲಿ ಸುರಿದರೆ ಮಣ್ಣು ಅದನ್ನು ನುಂಗಿಬಿಡುತ್ತದೆ. ಅಲ್ಲಲ್ಲಿ ಗುಂಡಿ ತೋಡಿ ಮಣ್ಣು ತಂದು, ಅಚ್ಚಿನಲ್ಲಿ ಬಡಿದು ಗಟ್ಟಿ ಮಾಡಿ, 4 ದಿನ ನೀರಿನಲ್ಲಿಟ್ಟು, ಆಮೇಲೆ ಒತ್ತಿ ನೋಡುತ್ತೇವೆ. ಮಣ್ಣು ಎಷ್ಟು ಭಾರ ತಾಳುತ್ತದೆ ಎಂದು ಅಳೆಯುವ ಸಿಬಿಆರ್ ಪರೀಕ್ಷೆ ಎಂದರೆ ಇದೇ. ಗಟ್ಟಿ ಜಲ್ಲಿಯ ತಾಳಿಕೆ ನೂರು ಎಂದಿಟ್ಟುಕೊಂಡರೆ, ನೆನೆದ ಎರೆಮಣ್ಣಿಗೆ ಶೇ. 2–3 ಬರುವುದು ಮಾಮೂಲು. ಒಳ್ಳೆಯ ಗರಸು ಶೇ. 10 ದಾಟುತ್ತದೆ. ರಸ್ತೆ ಎಷ್ಟು ದಪ್ಪ ಇರಬೇಕೆಂಬುದನ್ನು ನಿರ್ಧರಿಸುವುದು ಈ ಅಂಕಿ ಮತ್ತು ಓಡಾಡುವ ವಾಹನಗಳ ಭಾರ.

ತೀರ್ಥಹಳ್ಳಿ ಕಡೆಯವ: ಪರೀಕ್ಷೆ ಮಾಡಿದರೆ ತಾನೇ ಸರ್! ನಮ್ಮೂರಿನ ಅಂದಾಜುಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿದೆವು. ನಮ್ಮಲ್ಲಿ ಇಲ್ಲವೇ ಇಲ್ಲದ ಒಂದು ಕೆರೆ ಏರಿ ಅದರಲ್ಲಿತ್ತು. ಬೇರೆ ಯಾವುದೋ ಊರಿನ ಪಟ್ಟಿ, ಹೆಸರು ಮಾತ್ರ ನಮ್ಮದು. ವರ್ಷವಿಡೀ ಹರಿಯುವ ಹಳ್ಳಕ್ಕೆ ಮೋರಿಯೇ ಇಲ್ಲ. ಸರ್ವೆಯ ಬಿಲ್ ಮಾತ್ರ ಪೂರ್ತಿ ಪಾವತಿಯಾಗಿದೆ.

ಪಂಚಾಯಿತಿ ಮಾಜಿ ಸದಸ್ಯೆ: ಅದಕ್ಕೇ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಡಿಪಿಆರ್ ಅಂತಿಮವಾಗುವ ಮೊದಲು ಇಂಜಿನಿಯರ್ ಊರವರೊಂದಿಗೆ ದಾರಿಯುದ್ದಕ್ಕೂ ನಡೆಯಬೇಕೆಂಬ ನಿಯಮವಿದೆ. ನೀರು ಎಲ್ಲಿ ನಿಲ್ಲುತ್ತದೆ, ಯಾರ ಬದು ಮುಂದೆ ಬಂದಿದೆ ಎಂಬುದೆಲ್ಲ ಆಗಲೇ ತಿಳಿಯುತ್ತದೆ. ಆ ಯೋಜನೆಯಲ್ಲಿ ಜಮೀನಿಗೆ ಹಣ ಕೊಡುವುದಿಲ್ಲ, ಆದ್ದರಿಂದ ಬದುವಿನ ಜಗಳವನ್ನು ಕಾಮಗಾರಿಗೆ ಮೊದಲೇ ಬಗೆಹರಿಸಿಕೊಳ್ಳಬೇಕು.

ಎರೆಸೀಮೆಯವ: ಆಯಿತು, ಕಾಗದ ಬೇಕು ಎಂದೇ ಇಟ್ಟುಕೊಳ್ಳೋಣ. ಡಿಪಿಆರ್ ಇಲ್ಲದೆ ಮಂಜೂರಾತಿಯಿಲ್ಲ, ಮಂಜೂರಾತಿಯಿಲ್ಲದೆ ಡಿಪಿಆರ್‌ಗೆ ಹಣವಿಲ್ಲ. ಈ ಗಂಟನ್ನು ನಾವು ಚಂದಾ ಎತ್ತಿ ಬಿಡಿಸಬೇಕೇ?

ನಿವೃತ್ತ ಇಂಜಿನಿಯರ್: ಖಂಡಿತ ಬೇಡ. ಯಾವ ಕಾಮಗಾರಿಗೂ ಜೋಡಿಸದ ಸರ್ವೆ ನಿಧಿಯೊಂದು ಪ್ರತಿ ತಾಲ್ಲೂಕಿನಲ್ಲೂ ಇರಬೇಕೆಂಬುದು ನನ್ನ ಹಳೆಯ ಹಟ. ಸಡಕ್ ಯೋಜನೆಯ 4ನೇ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ದೇಶಾದ್ಯಂತ 62,500 ಕಿ.ಮೀ. ರಸ್ತೆ ಅದರ ಗುರಿ. ಬಯಲುಸೀಮೆಯಲ್ಲಾದರೆ 2011ರ ಜನಗಣತಿಯಂತೆ 500ಕ್ಕಿಂತ ಹೆಚ್ಚು ಜನರಿದ್ದು ಸಂಪರ್ಕವಿಲ್ಲದ ಊರಾಗಿರಬೇಕು. ನಿಮ್ಮೂರು ಅದರಲ್ಲಿ ಬರುತ್ತದೆಯೇ, ಮೊದಲು ವಿಚಾರಿಸಿ.

ತೀರ್ಥಹಳ್ಳಿ ಕಡೆಯವ: ನಿಧಿ ಇಟ್ಟರೆ ನಕಲು ಮಾಡುವವರಿಗೆ ಇನ್ನೊಂದು ಹಬ್ಬ.

ಪಂಚಾಯಿತಿ ಮಾಜಿ ಸದಸ್ಯೆ: ಹಾಗೆಂದು ಅಳತೆಯೇ ಬೇಡ ಎನ್ನಲಾದೀತೇ? ಗುಂಡಿ ತೋಡಿದ ಪ್ರತಿ ಜಾಗದ ಫೋಟೊ ಕೇಳಿ, ಮಣ್ಣು ಪರೀಕ್ಷೆಯ ವರದಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ಆಮೇಲೆ ಬಿಲ್ ಆಗಲಿ. ಎರೆಸೀಮೆಯವರೇ, ಗ್ರಾಮ ನಕಾಶೆಯಲ್ಲಿ ನಿಮ್ಮ ಬಂಡಿದಾರಿ ಎಷ್ಟು ಅಗಲವಿದೆ, ನೋಡಿದ್ದೀರಾ?

ಎರೆಸೀಮೆಯವ: ಇಲ್ಲ ಮೇಡಂ. ಸೋಮವಾರ ತಾಲ್ಲೂಕಿಗೆ ಹೋಗಿ ನಕಲು ತೆಗೆಸುತ್ತೇನೆ.