ಎದೆ ಕ್ಲಿಯರ್ ಅಂದ್ರೆ ನ್ಯುಮೋನಿಯಾ ಇಲ್ವಾ?

(ಹಾಸನದ ಡಾಕ್ಟರ್‌ಗಳ ಹಳೇ ಬ್ಯಾಚಿನ ವಾಟ್ಸಾಪ್ ಗುಂಪು)

ಸುಮಾ: [ಫಾರ್ವರ್ಡ್] "ಸ್ಟೆತ್‌ನಲ್ಲಿ (ಸ್ಟೆತೊಸ್ಕೋಪ್) ಎದೆ ಕ್ಲಿಯರ್ ಇದ್ದರೆ ನ್ಯುಮೋನಿಯಾ ಇಲ್ಲ. ಎಕ್ಸ್‌ರೇ ದುಡ್ಡು ಉಳಿಸಿ."
ಆಶಾ ಕಾರ್ಯಕರ್ತೆಯರ ಗುಂಪಿಗೆ ಹಾಕ್ಲಾ?

ಮಂಜು: ಬೇಡ ಕಣೇ, ಮೊದಲ ಸಾಲೇ ತಪ್ಪು. ನ್ಯುಮೋನಿಯಾದಿಂದ ಗಟ್ಟಿಯಾದ ಭಾಗ ಶ್ವಾಸಕೋಶದ ಆಳದಲ್ಲಿದ್ರೆ, ಎದೆ ಮೇಲೆ ಬೆರಳಿಂದ ಬಡಿದ್ರೂ ಡಲ್ (ಮಂದ ಸದ್ದು) ಬರಲ್ಲ, ಉಸಿರಿನ ಸದ್ದೂ ಬದಲಾಗಲ್ಲ. ವಯಸ್ಸಾದವರಲ್ಲಿ ಎಷ್ಟೋ ಸಲ ಜ್ವರವೂ ಇರಲ್ಲ. ಗೊಂದಲದಲ್ಲಿ ಏನೇನೋ ಮಾತಾಡ್ತಾರೆ, ಊಟ ಬಿಟ್ಟಿರ್ತಾರೆ, ಅಷ್ಟೇ.

ಚಂದ್ರು: ಅಂದ್ರೆ ಸ್ಟೆತ್ ಮೂಲೆಗೆಸೆದು ಎಲ್ಲರನ್ನೂ ಎಕ್ಸ್‌ರೇಗೆ ಅಟ್ಟೋದಾ? ಮೂಡಿಗೆರೆ ಕಡೆ ಎಸ್ಟೇಟ್ ಲೈನಿಂದ ಆ ಮಳೇಲಿ ಯಾರು ಬರ್ತಾರೆ ಮಾರಾಯ?

ಮಂಜು: ನಾನೆಲ್ಲಿ ಹಾಗಂದೆ? ಸರಿಯಾಗಿ ನೋಡಿದ್ರೆ ಎದೆ ಬೇಕಾದಷ್ಟು ಹೇಳುತ್ತೆ. ಅಂಗಿ ಮೇಲೆ ಸ್ಟೆತ್ ಇಟ್ಟು ಬರೀ ಬೆನ್ನು ಕೇಳಿ ಬಿಡೋದು ನೋಡೋದಲ್ಲ. ಬಲಗಡೆ ಮಿಡ್ಲ್ ಲೋಬ್ (ಶ್ವಾಸಕೋಶದ ನಡು ಭಾಗ) ಬೆನ್ನಲ್ಲಿ ಸಿಗೋದೇ ಇಲ್ಲ, ಮುಂದೆ ಮತ್ತು ಕಂಕುಳ ಕೆಳಗೆ ಕೇಳ್ಬೇಕು.

ಲತಾ: ಬಡಿಯೋದೂ ಅಷ್ಟೇ. ಎಡಗೈ ನಡುಬೆರಳನ್ನ ಪಕ್ಕೆಲುಬಿನ ಸಂದಿಗೆ ಒತ್ತಿ ಇಡಿ, ಉಳಿದ ಬೆರಳು ತಾಗಬಾರದು. ಮಣಿಕಟ್ಟಿಂದ ಎರಡೇಟು, ಹೊಡೆದ ಬೆರಳು ತಕ್ಷಣ ಮೇಲೆ. ಅದೇ ಮಟ್ಟದಲ್ಲಿ ಇನ್ನೊಂದು ಕಡೆ. ಬಲಗಡೆ ಮುಂದೆ ಕೆಳಗೆ ಡಲ್ ಬಂದ್ರೆ ಅದು ಲಿವರ್, ಗಾಬರಿ ಬೇಡ 😄

ಚಂದ್ರು: ಡಲ್ ಅಂದ್ರೆ ಶ್ವಾಸಕೋಶದ ಸುತ್ತ ನೀರೂ ತುಂಬಿರಬಹುದಲ್ಲ?

ಮಂಜು: ಅದಕ್ಕೇ "ಒಂದು, ಒಂದು" ಅಂತ ಹೇಳಿಸಿ ಸ್ಟೆತ್‌ನಲ್ಲಿ ಕೇಳ್ಬೇಕು. ಶ್ವಾಸಕೋಶ ಗಟ್ಟಿಯಾಗಿದ್ರೆ ಮಾತು ಜೋರಾಗಿ ಕೇಳುತ್ತೆ, ಪಿಸುಗುಟ್ಟಿದ್ರೂ ಅಕ್ಷರ ಸ್ಪಷ್ಟ. ಬ್ರಾಂಕಿಯಲ್ ಬ್ರೀದಿಂಗ್ (ದೊಡ್ಡ ಶ್ವಾಸನಾಳದ ಥರದ ಉಸಿರಿನ ಸದ್ದು) ಇರುತ್ತೆ: ಒರಟು ಸದ್ದು, ಉಸಿರು ಬಿಡೋದು ಉದ್ದ, ಎಳೆಯೋದಕ್ಕೂ ಬಿಡೋದಕ್ಕೂ ಮಧ್ಯೆ ಚೂರು ಬಿಡುವು. ನೀರಿದ್ರೆ ಕಲ್ಲು ಬಡಿದ ಹಾಗೆ ಡಲ್, ಮಾತೂ ಉಸಿರೂ ಕ್ಷೀಣ. ಆದ್ರೆ ಆ ಭಾಗದ ಶ್ವಾಸನಾಳಕ್ಕೆ ಕಫ ಅಡ್ಡ ಬಂದಿದ್ರೆ ನ್ಯುಮೋನಿಯಾದಲ್ಲೂ ಸದ್ದು ಮಾಯ. ಅಲ್ಲಿ ಎಕ್ಸ್‌ರೇ ಬೇಕೇ ಬೇಕು.

ಸುಮಾ: ಕ್ರೆಪ್ಸ್ (ಉಸಿರೆಳೆದಾಗ ಚಟಪಟ ಸದ್ದು) ಸಿಕ್ರೆ ಸಾಲ್ದಾ?

ಲತಾ: ಕೆಮ್ಮಿಸಿ ಮತ್ತೆ ಕೇಳು, ಹೋದ್ರೆ ಬರೀ ಕಫ. ಎರಡೂ ಕಡೆ ಶ್ವಾಸಕೋಶದ ಬುಡದಲ್ಲಿ ಸಮನಾಗಿದ್ರೆ ಹಾರ್ಟ್ ಫೇಲ್ಯೂರ್ ಇದೆಯಾ ನೋಡು. ಎದೆ ಕೂದಲು ಉಜ್ಜಿದ್ರೂ ಹಾಗೇ ಕೇಳುತ್ತೆ, ಒದ್ದೆ ಮಾಡ್ಕೋ.

ಚಂದ್ರು: ಆಶಾದವರಿಗೆ ಇದ್ಯಾವುದೂ ಬೇಡ. ಮಗು ಅಳದೆ ಸುಮ್ಮನಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಲಿ. 2 ತಿಂಗಳೊಳಗೆ 60, 2ರಿಂದ 11 ತಿಂಗಳು 50, 1ರಿಂದ 5 ವರ್ಷ 40. ಅಷ್ಟು ಅಥವಾ ಜಾಸ್ತಿ ಇದ್ರೆ, ಇಲ್ಲಾ ಉಸಿರೆಳೆದಾಗ ಎದೆಯ ಕೆಳಭಾಗ ಒಳಗೆ ಹೋದ್ರೆ, ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ) ಕಳಿಸಲಿ.

ಮಂಜು: ಇದನ್ನ ಹಾಕು ಸುಮಾ. ಎಳೇ ಮಗುವಿಗೆ 60 ಬಂದ್ರೆ ಇನ್ನೊಂದ್ಸಲ ಎಣಿಸಿ ಅಂತಲೂ ಸೇರಿಸು, ಅವುಗಳ ಉಸಿರು ಒಂದೇ ಸಮ ಇರಲ್ಲ.

ಸುಮಾ: ಸರಿ. ಫಾರ್ವರ್ಡ್ ಡಿಲೀಟ್ ಮಾಡಿದೆ.